ನಮ್ಮ ಹೊಳೆ ನೀರು, ಡೊಂಬಿವಲಿಯ ನಳದಲ್ಲಿ

ಬೆಳಿಗ್ಗೆ 8:42ರ ಲೋಕಲ್ ಹಿಡಿದು ಡೊಂಬಿವಲಿಯಿಂದ ಥಾಣೆಗೆ ಹೋಗುವವರಿಗೆ ಕಿಟಕಿಯಾಚೆ ನೋಡುವ ಭಾಗ್ಯ ಸಿಗುವುದು ಕಡಿಮೆ. ಒಬ್ಬರ ಬ್ಯಾಗಿಗೂ ಇನ್ನೊಬ್ಬರ ಮೊಣಕೈಗೂ ನಡುವೆ ನಿಂತರೆ ಕಾಣುವುದು ಗೇಣಗಲದ ಆಕಾಶ ಮಾತ್ರ. ಆದರೂ ಕಲ್ವಾ ದಾಟಿದ ಮೇಲೆ ಗಾಡಿಯ ಸದ್ದು ಒಮ್ಮೆ ಬದಲಾಗುತ್ತದೆ, ಬಾಗಿಲಿನಿಂದ ಉಪ್ಪುನೀರಿನ ವಾಸನೆ ಬರುತ್ತದೆ. ಅದು ಖಾಡಿಯ ಸೇತುವೆ. ಥಾಣೆಯಲ್ಲಿ ಇಳಿಯಬೇಕಾದವರು ಅಷ್ಟು ಹೊತ್ತಿಗೆ ಬಾಗಿಲ ಬಳಿ ಸರಿದಿರಬೇಕು. ಹಾಗಾಗಿ ಕೊರೊನಾ ಕಾಲವೊಂದನ್ನು ಬಿಟ್ಟರೆ, ಹದಿನೈದು ವರ್ಷಗಳಿಂದ ದಿನಕ್ಕೆ ಅರ್ಧ ನಿಮಿಷ ನಾನು ಆ ನೀರನ್ನು ನೋಡುತ್ತ ಬಂದಿದ್ದೇನೆ. ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋಗುತ್ತೇನೆ, ಅಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ದಿನವಿಡೀ ಬಾಣದ ಗುರುತುಗಳ ನಡುವೆಯೇ ಬದುಕು: ಯಾವ ಡೇಟಾ ಯಾವ ಕಡೆ ಹರಿಯುತ್ತದೆ, ಯಾರ ಕೆಲಸ ಯಾರ ಕೆಲಸಕ್ಕಾಗಿ ಕಾಯುತ್ತಿದೆ.

ಹೀಗಿರುವಾಗ ಒಂದು ದಿನ ಗಮನಕ್ಕೆ ಬಂತು. ಸೇತುವೆಯ ಕೆಳಗೆ ತೇಲುತ್ತಿದ್ದ ಥರ್ಮಾಕೋಲ್ ಮತ್ತು ಅಂತರಗಂಗೆ ಎಡಕ್ಕೆ ಹೋಗುತ್ತಿದ್ದವು. ನನಗೆ ನೆನಪಿದ್ದಂತೆ ಹಿಂದಿನ ವಾರ ಬಲಕ್ಕೆ ಹೋಗಿದ್ದವು. ಹಾಳು ಅಭ್ಯಾಸ, ಮೊಬೈಲಿನಲ್ಲಿ ಒಂದು ಎಕ್ಸೆಲ್ ಶೀಟ್ ತೆರೆದೆ. ದಿನಾಂಕ, ಸಮಯ, ಎಡ ಅಥವಾ ಬಲ. ಒಂದು ತಿಂಗಳಾದ ಮೇಲೆ ನೋಡಿದರೆ ಲೆಕ್ಕ ಸ್ವಚ್ಛವಾಗಿತ್ತು. ಸುಮಾರು ಒಂದು ವಾರ ಕಳೆದರೆ ಅದೇ ಹೊತ್ತಿಗೆ ನೀರು ಉಲ್ಟಾ ಹರಿಯುತ್ತದೆ, ಇನ್ನೊಂದು ವಾರಕ್ಕೆ ಮತ್ತೆ ಮೊದಲಿನಂತೆ. ಕಾರಣ ಚಂದ್ರ. ಸಮುದ್ರದ ಉಬ್ಬರ ಇಳಿತಗಳು ದಿನಕ್ಕೆ ಎರಡೆರಡು ಸಲ ಬರುತ್ತವೆ ಮತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತವೆ. ನನ್ನ ಲೋಕಲ್ ಮಾತ್ರ ದಿನವೂ 8:42ಕ್ಕೇ. ಮುಂಬ್ರಾದ ಕೋಳಿಗಳಿಗೆ ಇದು ಹುಟ್ಟಿನಿಂದ ಗೊತ್ತಿರುವ ವಿಷಯ, ಭರತಿ ಮತ್ತು ಓಹೋಟಿ. ಎಂಟೆಕ್ ಮಾಡಿದ ನನಗೆ ಎಕ್ಸೆಲ್ ಬೇಕಾಯಿತು.

ಎಂಟೆಕ್ ಎಂದೆನಲ್ಲ, ಅದು ಜಲಸಂಪನ್ಮೂಲ ಎಂಜಿನಿಯರಿಂಗ್‌ನಲ್ಲಿ. ಓದಿದ್ದು ನೀರು, ಕೆಲಸ ಸಿಕ್ಕಿದ್ದು ಸಾಫ್ಟ್‌ವೇರ್‌ನಲ್ಲಿ. ಇದನ್ನು ಓದುತ್ತಿರುವ ನಿಮ್ಮಲ್ಲಿಯೂ ಸಿವಿಲ್, ಮೆಕ್ಯಾನಿಕಲ್, ಕೃಷಿ ಓದಿ ಇದೇ ಹೊಳೆಗೆ ಬಿದ್ದವರು ಬಹಳ ಮಂದಿ ಇರಬೇಕು. ಇಪ್ಪತ್ತು ವರ್ಷ ಆ ಪುಸ್ತಕಗಳು ಊರಿನ ಅಟ್ಟದ ಮೇಲೆಯೇ ಇದ್ದವು. ಅವನ್ನು ಮತ್ತೆ ನೆನಪಿಸಿದವಳು ಮಗಳು. 2024ರ ಜನವರಿಯಲ್ಲಿ, ಎಂಟನೆಯ ತರಗತಿಯ ಭೂಗೋಳಕ್ಕೆ ‘ನಮ್ಮ ಊರಿನ ನದಿ’ ಎಂಬ ಪ್ರಾಜೆಕ್ಟ್ ಬಂತು. ನಕ್ಷೆ ಬರೆಯಬೇಕು, ನೀರು ಹರಿಯುವ ದಿಕ್ಕಿಗೆ ಬಾಣ ಹಾಕಬೇಕು.

"ಪಪ್ಪಾ, ನಮ್ಮ ಊರು ಅಂದರೆ ಯಾವುದು? ಡೊಂಬಿವಲಿನಾ, ಮುತ್ಯಾನ ಊರಾ?"

ಮುತ್ಯಾ ಎಂದರೆ ನನ್ನ ಅಪ್ಪ. ಊರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಯ ಮೇಲೆ. ದೇವಲ ಗಾಣಗಾಪುರದ ಹತ್ತಿರ ಎಂದರೆ ನಮ್ಮ ಸೊಸೈಟಿಯ ಮರಾಠಿ ನೆರೆಯವರು ತಕ್ಷಣ ಕೈಮುಗಿಯುತ್ತಾರೆ. ದತ್ತನ ದರ್ಶನಕ್ಕೆ ಅವರು ವರ್ಷಕ್ಕೊಮ್ಮೆ ಹೋಗುತ್ತಾರೆ, ಭೀಮಾ ಮತ್ತು ಅಮರಜಾ ಸಂಗಮದಲ್ಲಿ ಮೀಯುತ್ತಾರೆ. ನಾನು ಹೋಗುವುದೂ ವರ್ಷಕ್ಕೊಮ್ಮೆಯೇ. ಮಗಳಿಗೆ, "ಎರಡೂ ಬರಿ" ಎಂದೆ. ಟೀಚರ್ ಒಂದೇ ಸಾಕು ಎಂದರಂತೆ. ಉಲ್ಹಾಸ್ ನದಿ ಉಳಿಯಿತು.

ಇಬ್ಬರೂ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕೂತೆವು. ಅದು ಯಾರು ಬೇಕಾದರೂ ತಿದ್ದಬಹುದಾದ ಪ್ರಪಂಚದ ನಕ್ಷೆ. ಅಲ್ಲಿ ನದಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ರಸ್ತೆಯನ್ನು ಯಾವ ತುದಿಯಿಂದ ಎಳೆದರೂ ನಡೆಯುತ್ತದೆ. ನದಿಯ ಗೆರೆಯನ್ನು ಮಾತ್ರ ನೀರು ಹರಿಯುವ ದಿಕ್ಕಿನಲ್ಲೇ ಎಳೆಯಬೇಕು. ಮೊದಲ ಚುಕ್ಕೆ ಮೇಲ್ಗಡೆ, ಕೊನೆಯ ಚುಕ್ಕೆ ಕೆಳಗಡೆ. ತಿದ್ದುವಾಗ ಗೆರೆಯ ಮೇಲೆ ಸಣ್ಣ ಬಾಣಗಳು ಕಾಣುತ್ತವೆ. ಉಪಗ್ರಹದ ಚಿತ್ರ ನೋಡಿ ಗೆರೆ ಎಳೆಯುವುದು ಸುಲಭ, ಆದರೆ ಚಿತ್ರದಲ್ಲಿ ನೀರು ನಿಂತೇ ಇರುತ್ತದೆ. ಯಾವ ಕಡೆ ಹೊರಟಿದೆ ಎಂದು ಅದು ಹೇಳುವುದಿಲ್ಲ. ಸಣ್ಣ ಹಳ್ಳಗಳಲ್ಲಿ ಉಲ್ಟಾ ಬಾಣಗಳು ಎಷ್ಟೋ ಸಿಕ್ಕವು. ಮಗಳಿಗೆ ಖುಷಿ. ದೊಡ್ಡವರ ತಪ್ಪು ತಿದ್ದುವ ಅವಕಾಶ ಅವಳಿಗೆ ದಿನವೂ ಸಿಗುವುದಿಲ್ಲ.

ಉಲ್ಹಾಸ್ ಹುಟ್ಟುವುದು ಸಹ್ಯಾದ್ರಿಯಲ್ಲಿ, ರಾಜಮಾಚಿ ಕೋಟೆಯ ಬಳಿಯ ಕಣಿವೆಯಲ್ಲಿ. ಕರ್ಜತ್, ನೇರಳ್, ಬದ್ಲಾಪುರ ಹಾದು ಕಲ್ಯಾಣಕ್ಕೆ ಬರುತ್ತದೆ. ಕಲ್ಯಾಣವೆಂದರೆ ನಮ್ಮ ಬಸವಕಲ್ಯಾಣವಲ್ಲ. ಊರಿನಲ್ಲಿ ನನ್ನ ಸೋದರತ್ತೆಗೆ ಇವತ್ತಿಗೂ ಆ ಗೊಂದಲವಿದೆ, ನಾನು ಬೀದರಿನ ಕಡೆ ಇದ್ದೇನೆ ಎಂದುಕೊಂಡಿದ್ದಾಳೆ. ಕಲ್ಯಾಣದ ಹತ್ತಿರ ಭಾತ್ಸಾ ನದಿಯನ್ನು ಕೂಡಿಸಿಕೊಂಡ ಕಾಳು ನದಿ ಬಂದು ಸೇರುತ್ತದೆ. ಅಲ್ಲಿಂದ ಮುಂದೆ ನದಿ ಖಾಡಿಯಾಗಿ ವಸಯಿಯ ಕಡೆ ಹೊರಳಿ ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. ಕಲ್ವಾ ಸೇತುವೆಯ ಕೆಳಗಿನದು ಈ ಉಲ್ಹಾಸ್ ಮತ್ತು ಥಾಣೆ ಖಾಡಿಗಳನ್ನು ಜೋಡಿಸುವ ತೋಳು. ಅಲ್ಲಿ ಒಂದೇ ಬಾಣ ಸಾಲದು. ಉಬ್ಬರದ ನೀರು ಎಂದು ಬೇರೆ ಗುರುತೇ ಹಾಕಬೇಕು.

ಅಂಬರನಾಥದ ಕಡೆಯಿಂದ ಬಂದು ಉಲ್ಹಾಸನಗರ ದಾಟಿ ಕಲ್ಯಾಣದಲ್ಲಿ ಉಲ್ಹಾಸ್ ಸೇರುವ ವಾಲ್ಧುನಿಯನ್ನು ಬರೆಯುವಾಗ ಮಗಳು ಕೇಳಿದಳು, "ಇದು ನದಿನಾ, ನಾಲಾನಾ?" ನೋಡಿದರೆ ನಾಲಾ, ಮೂಗು ಮುಚ್ಚಿಕೊಂಡು ದಾಟುವಂಥದ್ದು. ಆದರೆ 1060ರಲ್ಲಿ ಕಟ್ಟಿದ ಅಂಬರನಾಥದ ಶಿವಾಲಯ ಇದರ ದಂಡೆಯ ಮೇಲೇ ಇದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ರಂದು ಇದು ಕಲ್ಯಾಣದ ಮನೆಗಳಿಗೆ ನುಗ್ಗಿ, ತಾನು ನದಿ ಎಂದು ತಾನೇ ಹೇಳಿಕೊಂಡಿತು. "ನದಿ ಅಂತ ಬರಿ" ಎಂದೆ.

ಪ್ರಾಜೆಕ್ಟ್ ಅಲ್ಲಿಗೆ ಮುಗಿಯಬೇಕಿತ್ತು. ಅವಳದು ಮುಗಿಯಿತು, ಹತ್ತಕ್ಕೆ ಒಂಬತ್ತು ಅಂಕವೂ ಬಂತು. ನನ್ನದು ಮುಗಿಯಲಿಲ್ಲ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಹಳೆಯ ವಿದ್ಯೆಯನ್ನು ಹೊರತೆಗೆದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರೇಡಾರ್‌ನಿಂದ ನೆಲದ ಎತ್ತರ ಅಳೆಯಿತು. ಆ ಮಾಹಿತಿ ಈಗ ಯಾರಿಗೂ ಉಚಿತ. ನೆಲವೆಲ್ಲ ಸುಮಾರು 30 ಮೀಟರಿನ ಚೌಕಗಳು, ಒಂದೊಂದು ಚೌಕಕ್ಕೆ ಒಂದೊಂದು ಎತ್ತರ. ಪ್ರತಿ ಚೌಕಕ್ಕೂ ಸುತ್ತ ಎಂಟು ನೆರೆ. ಯಾವ ನೆರೆಯ ಕಡೆ ಇಳಿಜಾರು ಹೆಚ್ಚೋ ನೀರು ಆ ಕಡೆ ಹೋಗುತ್ತದೆ ಎಂದು ಕಂಪ್ಯೂಟರ್ ಬಾಣ ಹಾಕುತ್ತದೆ. ನಮ್ಮಪ್ಪ ಹೊಲದಲ್ಲಿ ಸಲಿಕೆ ಹಿಡಿದು ಕಾಲುವೆ ತಿರುಗಿಸುವಾಗ ಕಣ್ಣಳತೆಯಲ್ಲಿ ಮಾಡುತ್ತಿದ್ದುದೂ ಇದನ್ನೇ.

ಸಹ್ಯಾದ್ರಿಯ ನೆತ್ತಿಯ ಮೇಲೆ ಈ ಬಾಣಗಳು ನೋಡಲು ಚೆಂದ. ಒಂದೇ ಗುಡ್ಡದ ಸಾಲಿನಲ್ಲಿ ಈ ಚೌಕದ ನೀರು ಪಶ್ಚಿಮಕ್ಕೆ, ಪಕ್ಕದ ಚೌಕದ ನೀರು ಪೂರ್ವಕ್ಕೆ. ಪಶ್ಚಿಮದ ಹನಿಗೆ ಅರಬ್ಬಿ ಸಮುದ್ರ ಕೂಗಳತೆಯಲ್ಲಿದೆ. ಪೂರ್ವದ ಹನಿ ಇಡೀ ದಖ್ಖನ್ ದಾಟಿ ಬಂಗಾಳ ಕೊಲ್ಲಿಗೆ ಹೋಗಬೇಕು. ನನಗೆ ಸುಮ್ಮನೆ ಒಂದು ಆಸೆಯಾಯಿತು: ನಮ್ಮೂರ ಮುಂದೆ ಹಾಯುವ ನೀರಿನಲ್ಲಿ ನನ್ನ ಡೊಂಬಿವಲಿಯ ಮನೆಗೆ ತೀರ ಹತ್ತಿರದ ಹನಿ ಯಾವುದು? ಹುಡುಕುತ್ತ ಹೋದರೆ ಸಿಕ್ಕಿದ್ದು ಮಾವಳದ ಠೋಕರವಾಡಿ ಜಲಾಶಯ. ಆಂಧ್ರ ಎಂಬ ಹೆಸರಿನ ಪುಟ್ಟ ನದಿಗೆ ಕಟ್ಟಿದ್ದು. ಕಂಪ್ಯೂಟರ್ ಬಾಣ ಹಾಕುತ್ತ ಹೋಯಿತು: ಆಂಧ್ರಾದಿಂದ ಇಂದ್ರಾಯಣಿಗೆ, ತುಕಾರಾಮರ ದೇಹು, ಜ್ಞಾನೇಶ್ವರರ ಆಳಂದಿ ದಾಟಿ ತುಳಾಪುರದಲ್ಲಿ ಭೀಮೆಗೆ, ಉಜನಿ ಅಣೆಕಟ್ಟು, ಪಂಢರಪುರ, ಆಮೇಲೆ ನಮ್ಮೂರು, ಗಾಣಗಾಪುರ, ಯಾದಗಿರಿ, ಕೃಷ್ಣೆ, ಕೊನೆಗೆ ಆಂಧ್ರಪ್ರದೇಶದ ಹಂಸಲದೀವಿಯಲ್ಲಿ ಸಮುದ್ರ.

ಕಂಪ್ಯೂಟರ್ ಹೇಳಿದ್ದು ಇಳಿಜಾರಿನ ಮಟ್ಟಿಗೆ ಸರಿ. ಆದರೆ ಆ ನೀರು ಆ ದಾರಿಯಲ್ಲಿ ಹೋಗುವುದು ಕಡಿಮೆ. ಠೋಕರವಾಡಿಯ ನೀರನ್ನು ಸುರಂಗದಲ್ಲಿ ಘಟ್ಟದ ಅಂಚಿಗೆ ತಂದು, ಪೈಪುಗಳಲ್ಲಿ ಸುಮಾರು ಅರ್ಧ ಕಿಲೋಮೀಟರ್ ಎತ್ತರದಿಂದ ಪಶ್ಚಿಮಕ್ಕೆ ಇಳಿಸುತ್ತಾರೆ. ಕೆಳಗೆ ಭಿವಪುರಿ ಜಲವಿದ್ಯುತ್ ಕೇಂದ್ರ. ಟಾಟಾದವರು ಕಟ್ಟಿದ ಇಂಥವು ಮೂರು: ಖೋಪೋಲಿ 1915ರಲ್ಲಿ, ಭಿವಪುರಿ 1922ರಲ್ಲಿ, ಭಿರಾ 1927ರಲ್ಲಿ. ಮೂರಕ್ಕೂ ಬರುವುದು ಭೀಮೆಯ ಪಾಲಿನ ನೀರೇ. ಮುಂಬಯಿಯ ಬಟ್ಟೆ ಗಿರಣಿಗಳ ಚಕ್ರ ತಿರುಗಿಸಿದ ಕರೆಂಟು ಇದು. ಭಿರಾದ ಸಲುವಾಗಿ ಮುಳಶಿಯಲ್ಲಿ ಹೊಲ ಕಳೆದುಕೊಳ್ಳಲಿದ್ದ ರೈತರು 1921ರಲ್ಲಿ ಸತ್ಯಾಗ್ರಹ ಮಾಡಿದರು, ಸೇನಾಪತಿ ಬಾಪಟರು ಜೈಲಿಗೆ ಹೋದರು. ಅಣೆಕಟ್ಟು ನಿಲ್ಲಲಿಲ್ಲ.

ಕರೆಂಟು ಮಾಡಿದ ಮೇಲೆ ನೀರು ಎಲ್ಲಿಗೆ ಹೋಗಬೇಕು? ಖೋಪೋಲಿಯದು ಪಾತಾಳಗಂಗೆಗೆ, ಪನವೇಲ್ ಕಡೆಗೆ ನೀರು ಕೊಡುವ ನದಿ ಅದು. ಭಿರಾದ್ದು ಕುಂಡಲಿಕಾಕ್ಕೆ. ಭಿವಪುರಿಯದು ಪೇಜ್ ನದಿಗೆ, ಪೇಜ್‌ನಿಂದ ಉಲ್ಹಾಸ್‌ಗೆ. ಉಲ್ಹಾಸ್ ಬೇಸಿಗೆಯಲ್ಲೂ ಬತ್ತದೆ ಹರಿಯಲು ಮುಖ್ಯ ಕಾರಣ ಈ ನೀರು. ಆ ಉಲ್ಹಾಸ್‌ನಿಂದಲೇ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆ ನೀರೆತ್ತುತ್ತದೆ. ಎಂಐಡಿಸಿಯವರು ಬಾರ್ವಿ ಅಣೆಕಟ್ಟಿನ ನೀರನ್ನೂ ಇದೇ ನದಿಯಲ್ಲಿ ಇಳಿಸಿಕೊಂಡು ಎತ್ತುತ್ತಾರೆ. ನನ್ನ ಲೋಟದಲ್ಲಿ ಬಾರ್ವಿಯದೆಷ್ಟು, ಆಂಧ್ರಾದ್ದೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಆದರೆ ಒಂದಷ್ಟು ಅದರದು ಇದ್ದೇ ಇದೆ.

ಆ ರಾತ್ರಿ ಎದ್ದು ಹೋಗಿ ಅಡುಗೆಮನೆಯ ನಳ ತಿರುವಿದೆ. ಹನ್ನೊಂದು ಗಂಟೆಗೆ ಇದೇನು ಎಂದು ಹೆಂಡತಿ ಕೇಳಿದಳು. ನಮ್ಮೂರ ನೀರು ಎಂದೆ. ಬೆಳಿಗ್ಗೆ ಬೇಗ ಏಳಬೇಕು, ಮಲಗಿ ಎಂದಳು.

ನಗೆಯ ಮಾತಲ್ಲ ಅದು. 2023ರ ಮುಂಗಾರು ಕೈಕೊಟ್ಟ ವರ್ಷ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತ್ತು. ಅಪ್ಪ ಫೋನಿನಲ್ಲಿ ದಿನವೂ ಒಂದೇ ಸುದ್ದಿ ಹೇಳುತ್ತಿದ್ದ. ಹೊಳೆ ನಿಂತಿದೆ, ಬ್ಯಾರೇಜಿನ ತಳದಲ್ಲಿ ಕೆಸರು, ನಾಲ್ಕು ಎಕರೆ ಕಬ್ಬು ಒಣಗುತ್ತಿದೆ. ಮಹಾರಾಷ್ಟ್ರದವರು ನೀರು ಬಿಡಲಿ ಎಂದು ತಾಲ್ಲೂಕಿನಲ್ಲಿ ಧರಣಿ ಕೂತಿದ್ದಾರೆ. "ನಿಮ್ಮ ಮಹಾರಾಷ್ಟ್ರದವ್ರಿಗಿ ಹೇಳೋ" ಎಂದು ನಗುತ್ತಿದ್ದ. ನಾನು ಹೂಂಗುಟ್ಟುತ್ತಿದ್ದೆ. ಗೊತ್ತಾದ ವಿಷಯವನ್ನು ಹೇಳಲು ಬಾಯಿ ಬರುತ್ತಿರಲಿಲ್ಲ. ಅಪ್ಪನ ಹೊಲ ಒಣಗುತ್ತಿರುವಾಗ ಅದರ ಮೇಲ್ಗಡೆಯ ನೀರನ್ನು ನಾನು ಕುಡಿಯುತ್ತಿದ್ದೇನೆ ಎಂದು ಯಾವ ಮಗ ಹೇಳಿಯಾನು?

ಕಾನೂನಿನ ಸಮಾಧಾನ ಹುಡುಕಿದೆ. ಬಚಾವತ್ ನ್ಯಾಯಮಂಡಳಿ 1976ರ ಅಂತಿಮ ತೀರ್ಪಿನಲ್ಲಿ ಈ ಟಾಟಾ ಯೋಜನೆಗಳಿಗೆ ಒಂದು ಗಡಿ ಹಾಕಿದೆ: ಯಾವುದೇ ಒಂದು ವರ್ಷದಲ್ಲಿ 54.5 ಟಿಎಂಸಿ, ಐದು ವರ್ಷಗಳ ಒಟ್ಟು 212 ಟಿಎಂಸಿ ಮೀರಕೂಡದು. ಅಂದರೆ ವರ್ಷಕ್ಕೆ ಸರಾಸರಿ 42 ಟಿಎಂಸಿಯಷ್ಟು ನೀರು ಘಟ್ಟ ಇಳಿಯಬಹುದು. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್. ಎಲ್ಲವೂ ಲೆಕ್ಕದಲ್ಲಿದೆ, ಕಳವೇನಲ್ಲ. ಬರ ಬಂದಾಗಲೆಲ್ಲ ಈ ನೀರನ್ನು ಪೂರ್ವಕ್ಕೇ ಬಿಡಿ ಎಂಬ ಕೂಗು ಏಳುತ್ತದೆ, ಮಳೆ ಬಂದ ಮೇಲೆ ಅಡಗುತ್ತದೆ. ಲೆಕ್ಕ ಸರಿ ಇದ್ದರೂ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಏಪ್ರಿಲ್‌ನಲ್ಲಿ ಅಪ್ಪನೇ ಡೊಂಬಿವಲಿಗೆ ಬಂದ, ಕಣ್ಣಿನ ಪೊರೆಯ ಆಪರೇಷನ್‌ಗೆ. ಎಪ್ಪತ್ತನಾಲ್ಕು ವಯಸ್ಸು. ಕಪ್ಪು ಕನ್ನಡಕ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತು ಕೆಳಗಿನ ಪಾರ್ಕಿಂಗ್ ನೋಡುತ್ತಿದ್ದ. ನಾಲ್ಕನೆಯ ದಿನ ಕೇಳಿಯೇಬಿಟ್ಟ.

"ತಮ್ಮಾ, ಹೊಳ್ಯಾಗ ನೀರಿಲ್ಲ. ಇಲ್ಲಿ ದಿನಾ ಪೈಪ ಹಚ್ಚಿ ಕಾರ ತೊಳಿಲಿಕತ್ತಾರ. ಈ ನೀರ ಎಲ್ಲಿಂದ ಬರ್ತಾವ?"

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಲ್ಯಾಪ್‌ಟಾಪ್ ತಂದು ತೋರಿಸಿದೆ. ಬಾಣಗಳು, ಜಲಾಶಯ, ಸುರಂಗ. ಅಪ್ಪ ಪರದೆಯನ್ನು ಬಹಳ ಹೊತ್ತು ನೋಡಿ, "ನನಗ ಇದರಾಗ ತಿಳಿಯಂಗಿಲ್ಲ. ಜಾಗಾ ತೋರಸು" ಎಂದ. ಮೇ 7ಕ್ಕೆ ಕಲಬುರಗಿಯಲ್ಲಿ ಮತದಾನ, ಅಷ್ಟರೊಳಗೆ ಅವನು ಊರು ಸೇರಲೇಬೇಕು. ಹಾಗಾಗಿ ಏಪ್ರಿಲ್ ಕೊನೆಯ ಭಾನುವಾರ ಮೂವರೂ ಕರ್ಜತ್ ಲೋಕಲ್ ಹತ್ತಿದೆವು. ನಾನು, ಅಪ್ಪ, ಮಗಳು.

ವಿದ್ಯುತ್ ಕೇಂದ್ರದ ಒಳಗೆ ಬಿಡುವುದಿಲ್ಲ. ಆಟೊದವನು ದೂರದಿಂದಲೇ ಬೆಟ್ಟದ ಮೈಮೇಲೆ ಇಳಿಯುವ ಪೈಪುಗಳನ್ನು ತೋರಿಸಿ, ಅಲ್ಲಿಂದ ಪೇಜ್ ನದಿಯ ದಂಡೆಗೆ ಕರೆದೊಯ್ದ. ಏಪ್ರಿಲ್ ತಿಂಗಳು, ಸುತ್ತಲಿನ ಗುಡ್ಡಗಳೆಲ್ಲ ಒಣಹುಲ್ಲಿನ ಬಣ್ಣ. ನಡುವೆ ಕಲ್ಲುಗಳ ಮೇಲೆ ಸದ್ದು ಮಾಡುತ್ತ ಹರಿಯುವ ನೀರು. ಹುಡುಗರು ಟ್ಯೂಬ್ ಹಾಕಿಕೊಂಡು ತೇಲುತ್ತಿದ್ದರು, ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

ಅಪ್ಪ ಚಪ್ಪಲಿ ಬಿಟ್ಟು ನೀರಿಗಿಳಿದ. ಹೊಳೆ ಕಂಡರೆ ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೆ, ತಲೆಗೆ ಹಚ್ಚಿಕೊಳ್ಳುವುದು ಅವನ ಅಭ್ಯಾಸ. ಬೊಗಸೆ ತುಂಬಿದ. ಅಷ್ಟರಲ್ಲಿ ಮಗಳು, "ಮುತ್ಯಾ, ಡಾಕ್ಟರ್ ಬ್ಯಾಡ ಅಂದಾರ" ಎಂದು ಕೂಗಿದಳು. ಅವನು ಹಾಗೇ ನಿಂತು, ಬೊಗಸೆಯ ನೀರನ್ನು ಮೆಲ್ಲಗೆ ತಿರುಗಿ ಹೊಳೆಗೇ ಬಿಟ್ಟ.

"ಯಾವಾಗ ತಿರುವ್ಯಾರ ಇದನ್ನ?"

"1922ರಾಗ, ಅಪ್ಪಾ."

"ನಮ್ಮಪ್ಪ ಆಗ ತೊಟ್ಟಿಲದಾಗ ಇದ್ದಿರಬೇಕು." ಬೆರಳು ಮಡಿಸಿ ಏನೋ ಲೆಕ್ಕ ಹಾಕಿದ. "ಹಂಗಾರ ನಾ ಸಣ್ಣಾವಿದ್ದಾಗ ನೋಡಿದ ಹೊಳಿ, ಈ ನೀರ ಹೋದ ಮ್ಯಾಲಿನ ಹೊಳಿನೇ ಅಲ್ಲ?"

ನಾನು ಅದನ್ನು ಯೋಚಿಸಿರಲಿಲ್ಲ.

"ಆಗ ಮಾರ್ಚ್‌ನ್ಯಾಗೂ ಎದಿಮಟ ನೀರ ಇರ್ತಿದ್ದು. ಈಸಿ ಆಚೀ ದಂಡಿಗಿ ಹೋಗಿ, ಉಸುಕಿನ್ಯಾಗ ಬೆಳೆದ ಕಲ್ಲಂಗಡಿ ತಿಂದು ಬರ್ತಿದ್ವಿ. ಈ ಸುರಂಗ ಆಗೂ ಇತ್ತು. ಇದು ಒಣಗಿಸಿಲ್ಲೋ ಹೊಳಿ. ಕಬ್ಬು ಒಣಗಿಸ್ಯಾದ. ಉಜನಿ ಕಟ್ಟಿದ ಮ್ಯಾಲ ಮ್ಯಾಲಿನವ್ರು ಕಬ್ಬು ಹಚ್ಚಿದ್ರು, ನಾವೂ ಹಚ್ಚಿದ್ವಿ. ನಮ್ಮ ನಾಕ ಎಕರೆದಾಗ ನಂದೂ ಅದ."

1980ರಲ್ಲಿ ಮುಗಿದ ಉಜನಿಯ ಸಾಮರ್ಥ್ಯ 117 ಟಿಎಂಸಿ. ಈ ಅಂಕಿ ನನಗೆ ಗೊತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಭೀಮೆ ಊರೊಳಗೆ ಬಂದಾಗ, ಉಜನಿಯಿಂದ ಎಷ್ಟು ಬಿಟ್ಟರು ಎಂದು ಡೊಂಬಿವಲಿಯಲ್ಲಿ ಕೂತು ಗಂಟೆಗೊಮ್ಮೆ ನೋಡಿದವನು ನಾನು. ಆದರೆ ನಮ್ಮ ಹೊಲದ ಪಂಪ್‌ಸೆಟ್ಟನ್ನು ಯಾವತ್ತೂ ಆ ಲೆಕ್ಕಕ್ಕೆ ತಂದಿರಲಿಲ್ಲ. 1996ರಲ್ಲಿ ತಂದ ಹತ್ತು ಎಚ್‌ಪಿ ಮೋಟರು ಅದು. ಅದಕ್ಕೂ ಮೊದಲು ಅಲ್ಲಿ ಇದ್ದದ್ದು ತೊಗರಿ, ಬಿಳಿಜೋಳ. ಮೋಟರು ಬಂದ ಮೇಲೆ ಕಬ್ಬು. 1998ರಲ್ಲಿ ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು, ಫೀ ಕಟ್ಟಿದ್ದು ಆ ಕಬ್ಬಿನ ಬಿಲ್ಲಿನಲ್ಲಿ. ಹಾಸ್ಟೆಲ್, ಎಂಟೆಕ್, ಮುಂಬಯಿಗೆ ಮೊದಲ ಟಿಕೆಟ್, ಡೊಂಬಿವಲಿಯಲ್ಲಿ ಬಾಡಿಗೆ ಕೋಣೆಯ ಡಿಪಾಜಿಟ್, ಎಲ್ಲವೂ ಅದರಿಂದಲೇ. ಜಲಸಂಪನ್ಮೂಲ ಓದಲು ಭೀಮೆಯನ್ನು ಬಳಿದು ಓದಿದ್ದೆ.

ಮೂರು ತಿಂಗಳು ನಾನು ನಕ್ಷೆಯಲ್ಲಿ ಹುಡುಕಿದ್ದು ನೀರನ್ನು ತಿರುವಿದವರನ್ನು. ಯಾರೋ ಕಂಪನಿಯವರು, ಯಾವುದೋ ಕಾಲದಲ್ಲಿ. ಹುಡುಕುವುದರಲ್ಲಿ ಒಂಥರಾ ಸುಖವೂ ಇತ್ತು, ತಪ್ಪಿತಸ್ಥನ ಹಾಗೆ ಅನ್ನಿಸುತ್ತಿತ್ತು, ಆದರೆ ತಪ್ಪು ಬೇರೆಯವರದಾಗಿತ್ತು. ನಮ್ಮ ಹೊಲದಿಂದ ನನ್ನ ಕಾಲೇಜಿಗೆ, ಕಾಲೇಜಿನಿಂದ ಇಲ್ಲಿಗೆ ಹರಿದುಬಂದ ನೀರಿಗೆ ಯಾವ ನಕ್ಷೆಯಲ್ಲೂ ಗೆರೆ ಇಲ್ಲ.

ಇದನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ತಿಳಿಯದೆ, "ಹಂಗಾರ ನನ್ನ ಸಲುವಾಗಿ ಹೊಳಿ ಒಣಗಿತು ಅನ್ರಿ" ಎಂದೆ.

"ಹುಚ್ಚಪ್ಪ. ನಿನ್ನೊಬ್ಬನ ಸಲುವಾಗಿ ಏನು? ಊರಾಗಿನ ಹುಡುಗ್ರು ಎಲ್ಲಾರೂ ಕಬ್ಬಿನ ಮ್ಯಾಲೇ ಓದ್ಯಾರ. ಓದಬಾರದಿತ್ತೇನು?" ದಂಡೆಗೆ ಬಂದು ಕಲ್ಲಿನ ಮೇಲೆ ಕೂತು ಕಾಲು ಒರೆಸಿಕೊಂಡ. "ಆದರ ಇನ್ನ ಓದವ್ರು ಯಾರೂ ಇಲ್ಲ. ಈ ಸಲ ಎರಡ ಎಕರೆದಾಗ ತೊಗರಿ ಹಾಕ್ತೀನಿ."

ಎರಡೇ ಏಕೆ, ನಾಲ್ಕೂ ಹಾಕಬಹುದಲ್ಲ ಎಂದು ಕೇಳಿದೆ. ಕಬ್ಬಿನ ಸಾಲ ಇನ್ನೂ ಇದೆ, ಕೂಳೆ ಇನ್ನೊಂದು ವರ್ಷ ಬರುತ್ತದೆ ಎಂದ. ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಬೆಲೆ ಬರಬಹುದು ಎಂದು ನಾನು ಮ್ಯಾನೇಜರ್ ಧಾಟಿಯಲ್ಲಿ ಹೇಳಹೋದೆ. "ಗುರುತು ಬಂದದ, ಮಳಿ ಬರಬೇಕಲ್ಲ" ಎಂದು ಅವನು ಮಾತು ಮುಗಿಸಿದ.

ಮೇ ಮೊದಲ ವಾರ ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸಿದೆ. ಓಟು ಹಾಕಿ ಬೆರಳಿನ ಮಸಿಯ ಫೋಟೋ ಕಳಿಸಿದ. ನಾನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪೇಜ್ ನದಿಯ ಆಸುಪಾಸಿನ ಹಳ್ಳಗಳನ್ನು ಕೂತು ಸರಿಪಡಿಸಿದೆ, ಕಣ್ಣಾರೆ ನೋಡಿ ಬಂದಷ್ಟನ್ನು ಮಾತ್ರ. ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಪೈಪ್ ಹಚ್ಚಿ ಕಾರು ತೊಳೆಯುವುದನ್ನು ನಿಲ್ಲಿಸೋಣ, ಬಕೆಟ್ ಸಾಕು ಎಂದು ಪ್ರಸ್ತಾಪ ಇಟ್ಟೆ. ಒಂದು ತಾಸು ಚರ್ಚೆಯಾಯಿತು. ಏಳು ಜನ ಒಪ್ಪಿದರು, ಉಳಿದವರು ಮಳೆಗಾಲದ ನಂತರ ನೋಡೋಣ ಎಂದರು. ನನ್ನ ಕಾರನ್ನು ಈಗ ಬಕೆಟ್‌ನಲ್ಲಿ ನಾನೇ ತೊಳೆಯುತ್ತೇನೆ. ಇದರಿಂದ ಭೀಮೆಗೆ ಒಂದು ಹನಿಯೂ ಹೆಚ್ಚು ಹೋಗುವುದಿಲ್ಲ ಎಂದು ನನಗೆ ಗೊತ್ತು. ಇಲ್ಲಿ ಉಳಿದ ನೀರು ವಸಯಿ ಖಾಡಿಗೆ ಹೋಗುತ್ತದೆ, ಅಷ್ಟೆ. ಆದರೂ ಪೈಪು ಹಿಡಿಯಲು ಕೈ ಬರುವುದಿಲ್ಲ.

ಆ ವರ್ಷ ಮುಂಗಾರು ಚೆನ್ನಾಗಿ ಆಯಿತು. ಆಗಸ್ಟ್‌ನಲ್ಲಿ ಉಜನಿ ತುಂಬಿ ಭೀಮೆಗೆ ನೀರು ಬಿಟ್ಟರು. ಒಂದು ಸಂಜೆ ಅಪ್ಪನ ವಿಡಿಯೋ ಕಾಲ್ ಬಂತು. ಪಕ್ಕದ ಮನೆಯ ಹುಡುಗ ಹಚ್ಚಿಕೊಟ್ಟಿದ್ದ.

"ಹೊಳಿ ಬಂದದ, ನೋಡ್ರಿ" ಎಂದು ಅಪ್ಪ ಫೋನನ್ನು ತಿರುಗಿಸಿದ. ಕೆಂಪು ನೀರು, ಎರಡೂ ದಂಡೆಗೆ ತಾಗಿ. ಮುಂದಿನ ಹೊಲದಲ್ಲಿ ತೊಗರಿಯ ಸಣ್ಣ ಸಸಿಗಳ ಸಾಲು, ಅದರ ಹಿಂದೆ ಕಬ್ಬು.

ಮಗಳು ನನ್ನ ಭುಜದ ಮೇಲಿಂದ ಬಗ್ಗಿ ಕೇಳಿದಳು, "ಮುತ್ಯಾ, ನೀರು ಯಾವ ಕಡೆ ಹೊಂಟಾವ?"

"ಎಡದಿಂದ ಬಲಕ್ಕ ಹೊಂಟಾವ, ನನ ಮಗಳ."

ಅವಳು ಪರದೆಯನ್ನು ದಿಟ್ಟಿಸಿದಳು. "ಇಲ್ಲ ಮುತ್ಯಾ, ನನಗ ಬಲದಿಂದ ಎಡಕ್ಕ ಕಾಣ್ತದ."

ಅಪ್ಪ ಬೆನ್ನನ್ನು ಹೊಳೆಯ ಕಡೆ ಮಾಡಿ ನಿಂತು, ಫೋನನ್ನು ತನ್ನ ಮುಖದ ಮುಂದೆ ಹಿಡಿದಿದ್ದ. ಒಂದು ಸಲ ಹಿಂದೆ ತಿರುಗಿ ಹೊಳೆ ನೋಡಿದ, ಮತ್ತೆ ಫೋನು ನೋಡಿದ.

"ಅದು ನೀ ಎಲ್ಲಿ ನಿಂತೀ ಅನ್ನೋದರ ಮ್ಯಾಲ ಅದ" ಎಂದು ನಕ್ಕ. "ದೀವಳಿಗಿಗಿ ಬಾ. ಇಲ್ಲೇ ನಿಂತು ನೋಡಿ ಹೇಳು."